ಕಾರಿನ ಸಂಗೀತವೂ ಬ್ಯಾಟರಿಯ ಸಂಕಟವೂ

ಓಮನ ನಿಯಮವನ್ನು ಓದದೆ ಪ್ರೌಢಶಾಲೆಯನ್ನು ದಾಟಿದವರು ಇರಲಾರರು. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುವುದೆಂಬ ಈ ಸೂತ್ರವನ್ನು ಪರೀಕ್ಷೆಯ ದಿನ ಬರೆದು, ಮರುದಿನ ಮರೆತುಬಿಡುವುದು ವಾಡಿಕೆ. ಆದರೆ ಇದೇ ಸೂತ್ರವನ್ನು ಕೈದೀಪದಂತೆ ಹಿಡಿದು ಹೊರಟರೆ, ಕೆಟ್ಟುನಿಂತ ಯಂತ್ರದೊಳಗಿನ ಕಣ್ಣಿಗೆ ಕಾಣದ ದೋಷಗಳನ್ನು ಒಂದೊಂದಾಗಿ ಪತ್ತೆ ಹಚ್ಚಬಹುದು. ಅದಕ್ಕೊಂದು ನಿದರ್ಶನವನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ಮಿತ್ರರೊಬ್ಬರಿಗೆ ಸಂಗೀತದಲ್ಲಿ ಬಹಳ ಅಭಿರುಚಿ. ತಮ್ಮ ಎಂಟು ವರ್ಷದ ಹಳೆಯ ಕಾರಿಗೆ ಅವರು ಹೊಸ ಸ್ಟೀರಿಯೋ, ದೊಡ್ಡ ಸ್ಪೀಕರುಗಳು, ಮತ್ತು ಧ್ವನಿಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್, ಅಂದರೆ ವರ್ಧಕ, ಇವುಗಳನ್ನು ಹಾಕಿಸಿದರು. ವಾರ ಕಳೆಯುವುದರೊಳಗೆ ತೊಂದರೆಗಳು ತಲೆದೋರಿದವು. ಮೃದಂಗದ ಪೆಟ್ಟು ಬಿದ್ದಾಗಲೆಲ್ಲ ಹೆಡ್‌ಲೈಟುಗಳು ಮಂಕಾಗುತ್ತಿದ್ದವು. ಹಾಡಿನ ಹಿಂದೆ ಸಣ್ಣದೊಂದು ಕೀರಲು ಧ್ವನಿ ಸೇರಿಕೊಂಡು, ಎಂಜಿನ್ನಿನ ವೇಗ ಏರಿದಂತೆ ತಾನೂ ಏರುತ್ತಿತ್ತು. ಕೊನೆಗೆ, ಶನಿವಾರ ರಾತ್ರಿ ಎಂಟು ಗಂಟೆಗೆ ಶೆಡ್ಡಿನಲ್ಲಿ ನಿಲ್ಲಿಸಿದ ಕಾರು, ಸೋಮವಾರ ಬೆಳಿಗ್ಗೆ ಎಂಟಕ್ಕೆ ವೃದ್ಧ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ, ಚಾಲೂ ಆಗಲೇ ಇಲ್ಲ. ವೈದ್ಯರು ಕೊಟ್ಟ ಸಮಯ ಮೀರುತ್ತಿದ್ದಂತೆ ಅವರು ಆಟೋರಿಕ್ಷಾವನ್ನು ಅರಸುತ್ತ ರಸ್ತೆಗೆ ಓಡಬೇಕಾಯಿತು. ವಿಚಾರಿಸಿದವರೆಲ್ಲರೂ ಕೊಟ್ಟ ಸಲಹೆ ಒಂದೇ: “ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ.” ಹಣ ತೆರುವ ಮೊದಲು ಮಿತ್ರರು ನಮ್ಮಲ್ಲಿಗೆ ಬಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಮುನ್ನ, ಜ್ವರ ಯಾವ ಪ್ರಾಣಿಗೆ ಎಂಬುದನ್ನು ಅಳೆದು ನೋಡೋಣವೆಂದು ನಾವು ಮಲ್ಟಿಮೀಟರನ್ನು ಕೈಗೆತ್ತಿಕೊಂಡೆವು.

ಕಾರಿನ ವಿದ್ಯುತ್ ಸಂಸಾರ

ಮೊದಲು ಕಾರಿನ ವಿದ್ಯುನ್ಮಂಡಲವನ್ನು ಸ್ಥೂಲವಾಗಿ ಅರಿತುಕೊಳ್ಳೋಣ. ಆದಿಯಲ್ಲಿ ಎಂಜಿನ್ನನ್ನು ಕೈಯಿಂದ ಹಿಡಿಕೆ ತಿರುಗಿಸಿ ಚಾಲನೆ ಮಾಡುತ್ತಿದ್ದರು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದಿತು. ಅಲ್ಲಿಂದ ಮುಂದೆ ಬಲವಾದ ಬ್ಯಾಟರಿಯು ಕಾರಿನ ಅಂಗವೇ ಆಯಿತು. ಆ ಬ್ಯಾಟರಿಯಿಂದ ಸಂಗೀತವನ್ನೂ ಪಡೆಯುವ ಆಸೆ ಹುಟ್ಟಲು ಬಹುಕಾಲ ಬೇಕಾಗಲಿಲ್ಲ. 1930ರಲ್ಲಿ ಅಮೆರಿಕದ ಷಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬಾತನ ಸಂಸ್ಥೆಯು ‘ಮೊಟೊರೋಲಾ’ ಎಂಬ ಹೆಸರಿನ ಕಾರ್ ರೇಡಿಯೋವನ್ನು ಮಾರಾಟಕ್ಕೆ ತಂದಿತು. ಎಂಜಿನ್ನಿನ ಕಿಡಿಗಳಿಂದ ರೇಡಿಯೋದಲ್ಲಿ ಹುಟ್ಟುವ ಕರಕರ ಸದ್ದನ್ನು ಅಡಗಿಸುವುದು ಆ ಕಾಲದವರಿಗೆ ದೊಡ್ಡ ಸಮಸ್ಯೆಯಾಗಿತ್ತು. ಕಾರಿನ ಸಂಗೀತದಷ್ಟೇ ಹಳೆಯದು ಕಾರಿನ ಅಪಸ್ವರ!

ಸಾಧಾರಣ ಕಾರಿನ ಬ್ಯಾಟರಿಯಲ್ಲಿ ಆರು ಸೀಸ–ಆಮ್ಲ ಕೋಶಗಳು ಸಾಲಾಗಿ ಸೇರಿರುವುವು. ಪೂರ್ಣ ತುಂಬಿದಾಗ ಒಂದೊಂದು ಕೋಶದ ವಿಭವಾಂತರ ಸುಮಾರು 2.1 ವೋಲ್ಟ್, ಒಟ್ಟು 12.6 ವೋಲ್ಟ್. ವಿಶ್ರಾಂತ ಸ್ಥಿತಿಯಲ್ಲಿ ಇದು 12.2ಕ್ಕೆ ಇಳಿದಿದ್ದರೆ ಬ್ಯಾಟರಿ ಹೆಚ್ಚುಕಡಮೆ ಅರ್ಧ ಬರಿದಾಗಿದೆಯೆಂದೂ, 11.8ರ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆಯೆಂದೂ ತಿಳಿಯತಕ್ಕದ್ದು. ಎಂಜಿನ್ನು ಓಡುತ್ತಿರುವಾಗ ಆಲ್ಟರ್ನೇಟರ್ ಎಂಬ ಜನಕಯಂತ್ರವು ಸಾಮಾನ್ಯವಾಗಿ 13.8ರಿಂದ 14.4 ವೋಲ್ಟುಗಳನ್ನು ಒದಗಿಸಿ, ಬ್ಯಾಟರಿಯನ್ನು ಮತ್ತೆ ತುಂಬುತ್ತದೆ.

ಇನ್ನೊಂದು ವಿಷಯವನ್ನು ನೆನಪಿನಲ್ಲಿಡಬೇಕು. ಮನೆಯಲ್ಲಿ ಪ್ರತಿಯೊಂದು ದೀಪಕ್ಕೂ ಎರಡು ತಂತಿಗಳಿರುವುವು. ಕಾರಿನಲ್ಲಾದರೋ ಬ್ಯಾಟರಿಯ ಋಣಧ್ರುವವನ್ನು ಉಕ್ಕಿನ ಒಡಲಿಗೆ, ಅಂದರೆ ಬಾಡಿಗೆ, ಜೋಡಿಸಿರುವರು. ಧನಧ್ರುವದಿಂದ ಒಂದು ತಂತಿ ದೀಪಕ್ಕೆ ಹೋದರೆ ಸಾಕು. ಹಿಂತಿರುಗುವ ಹಾದಿಯು ಬಾಡಿಯೇ. ಇದನ್ನು ‘ಅರ್ತಿಂಗ್’ ಎಂದು ಕರೆಯುವರು. ಹೋಗುವ ತಂತಿಯನ್ನು ಎಲ್ಲರೂ ನೋಡುವರು. ಹಿಂದಿರುಗುವ ಹಾದಿಯನ್ನು ನೋಡುವವರು ಕಡಮೆ. ನಮ್ಮ ಕಥೆಯ ಅರ್ಧ ಭಾಗ ಅಲ್ಲಿಯೇ ಅಡಗಿದೆ.

ಮೊದಲನೆಯ ದೂರು: ರಾತ್ರಿ ಕಳೆಯುವ ವಿದ್ಯುತ್ತು

ಸೋಮವಾರ ನಾವು ಅಳೆದಾಗ ಬ್ಯಾಟರಿಯ ವಿಭವಾಂತರ 11.6 ವೋಲ್ಟ್ ಇದ್ದಿತು. ಬ್ಯಾಟರಿ ಬರಿದಾಗಿರುವುದು ನಿಜ. ಆದರೆ ಅದು ಹಾಳಾಗಿದೆ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಮಡಕೆ ಬರಿದಾಗಲು ಮೂರು ಕಾರಣಗಳಿರಬಹುದು: ತುಂಬದೆ ಇರುವುದು, ಸೋರುವುದು, ಅಥವಾ ಮಡಕೆಯೇ ಒಡೆದಿರುವುದು. ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ತುಂಬಿಸಿ, ಕಳಚಿ, ಒಂದು ರಾತ್ರಿ ಹಾಗೆಯೇ ಬಿಟ್ಟೆವು. ಬೆಳಿಗ್ಗೆ 12.6 ವೋಲ್ಟ್ ನಿಂತಿತ್ತು. ಕಾರಿಗೆ ಜೋಡಿಸಿದೊಡನೆ ಸ್ಟಾರ್ಟರ್ ಚುರುಕಾಗಿ ತಿರುಗಿತು. ಆದುದರಿಂದ ಮಡಕೆ ಒಡೆದಿಲ್ಲ. ಎಂಜಿನ್ನು ಓಡುವಾಗ ಧ್ರುವಗಳ ನಡುವೆ 14.1 ವೋಲ್ಟ್ ದೊರೆಯಿತು. ಆದುದರಿಂದ ತುಂಬುವ ಕಾರ್ಯವೂ ಸರಿಯಾಗಿದೆ. ಉಳಿದುದು ಸೋರಿಕೆ.

ಸೋರಿಕೆಯನ್ನು ಅಳೆಯಲು ಮೀಟರನ್ನು 10 ಆಂಪಿಯರಿನ ಸ್ಥಾನದಲ್ಲಿಟ್ಟು, ಬ್ಯಾಟರಿಯ ಋಣಧ್ರುವಕ್ಕೂ ಅದರಿಂದ ಕಳಚಿದ ತಂತಿಗೂ ನಡುವೆ ಸಾಲಾಗಿ ಸೇರಿಸಬೇಕು. ಋಣಧ್ರುವವನ್ನೇ ಏಕೆ ಮೊದಲು ಕಳಚಬೇಕು? ಧನಧ್ರುವದ ಮೇಲಿರುವ ಸ್ಪ್ಯಾನರು ಆಕಸ್ಮಿಕವಾಗಿ ಬಾಡಿಗೆ ತಗುಲಿದರೆ ಮಂಡಲ ಪೂರ್ಣಗೊಂಡು ಭಾರಿ ಕಿಡಿ ಹಾರುವುದು. ಋಣಧ್ರುವದ ಮೇಲಿನ ಸ್ಪ್ಯಾನರು ಬಾಡಿಗೆ ತಗುಲಿದರೆ ಏನೂ ಆಗದು, ಏಕೆಂದರೆ ಅವೆರಡೂ ಮೊದಲೇ ಒಂದಾಗಿರುವುವು. ಕೈಯಲ್ಲಿ ಉಂಗುರ ಬಳೆಗಳಿದ್ದರೆ ತೆಗೆದಿಡುವುದು ಲೇಸು. ಮೀಟರು ಮಧ್ಯೆ ಇರುವಾಗ ಎಂಜಿನ್ನನ್ನು ಚಾಲೂ ಮಾಡಕೂಡದು. ಸ್ಟಾರ್ಟರಿನ ನೂರಾರು ಆಂಪಿಯರುಗಳನ್ನು ಅದು ತಾಳಲಾರದು.

ಬಾಗಿಲುಗಳನ್ನು ಮುಚ್ಚಿ, ಕೀಲಿಯನ್ನು ತೆಗೆದು, ಅರ್ಧ ಗಂಟೆ ಕಾದೆವು. ಈಗಿನ ಕಾರುಗಳ ನಿಯಂತ್ರಣ ಪೆಟ್ಟಿಗೆಗಳು ಒಡನೆಯೇ ನಿದ್ರಿಸುವುದಿಲ್ಲವಾದುದರಿಂದ ಈ ತಾಳ್ಮೆ ಅವಶ್ಯಕ. ಆಮೇಲೆ ಮೀಟರು ತೋರಿಸಿದುದು 0.85 ಆಂಪಿಯರ್. ಗಡಿಯಾರ, ಕಳ್ಳಗಂಟೆ ಮುಂತಾದುವುಗಳಿಗೆ ಬೇಕಾಗುವುದು ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಕಡಮೆ. ಕಾರಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕುತ್ತ ಬಂದೆವು; ಅಂಕಿ ಕದಲಲಿಲ್ಲ. ವರ್ಧಕದ ಫ್ಯೂಸನ್ನು ಕಿತ್ತೊಡನೆ ಅದು 0.03ಕ್ಕೆ ಇಳಿಯಿತು. ಕಳ್ಳ ಸಿಕ್ಕಿದನು.

ಲೆಕ್ಕವೂ ಇದಕ್ಕೆ ಸಾಕ್ಷಿ ನುಡಿಯುವುದು. ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್–ಗಂಟೆ. ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಯವರೆಗೆ 36 ಗಂಟೆಗಳು. 0.85ನ್ನು 36ರಿಂದ ಗುಣಿಸಿದರೆ 30.6 ಆಂಪಿಯರ್–ಗಂಟೆ. ಉಳಿದುದರಿಂದ ಸ್ಟಾರ್ಟರ್ ತಿರುಗದಿದ್ದುದರಲ್ಲಿ ಆಶ್ಚರ್ಯವೇನು? ಹೊಸ ಬ್ಯಾಟರಿ ಹಾಕಿಸಿದ್ದರೆ ಅದೂ ಇನ್ನೊಂದು ಸೋಮವಾರ ಹೀಗೆಯೇ ಕೈಕೊಡುತ್ತಿತ್ತು.

ವರ್ಧಕ ರಾತ್ರಿಯಿಡೀ ಏಕೆ ಎಚ್ಚರವಾಗಿತ್ತು? ಅದಕ್ಕೆ ದಪ್ಪ ತಂತಿಯ ಜೊತೆಗೆ ತೆಳುವಾದ ಮತ್ತೊಂದು ತಂತಿ ಇರುವುದು. ಸ್ಟೀರಿಯೋ ಚಾಲೂ ಆದಾಗ ಅದರಲ್ಲಿ 12 ವೋಲ್ಟ್ ಬಂದು ವರ್ಧಕವನ್ನು ಎಬ್ಬಿಸಬೇಕು. ಆರಿದಾಗ ಅದೂ ಆರಿ ವರ್ಧಕ ಮಲಗಬೇಕು. ಜೋಡಿಸಿದವರು ಈ ತಂತಿಯನ್ನು ಸ್ಟೀರಿಯೋವಿನ ಸರಿಯಾದ ತುದಿಗೆ ಸೇರಿಸದೆ, ಸದಾ ವಿದ್ಯುತ್ತು ಇರುವ ತಂತಿಗೆ ಹೊಸೆದಿದ್ದರು. ಅದನ್ನು ಸರಿಪಡಿಸಿದ ಮೇಲೆ ಒಟ್ಟು ಸೋರಿಕೆ 0.03 ಆಂಪಿಯರಿನಲ್ಲಿ ನಿಂತಿತು.

ಎರಡನೆಯ ದೂರು: ತಾಳಕ್ಕೆ ಕುಣಿಯುವ ದೀಪ

ಇನ್ನು ಹೆಡ್‌ಲೈಟಿನ ವಿಷಯ. ಮೃದಂಗದ ಪೆಟ್ಟು ಕ್ಷಣಮಾತ್ರದ್ದು. ಮೀಟರು ಅಷ್ಟು ಬೇಗ ಅದನ್ನು ಹಿಡಿಯಲಾರದು. ಆದಕಾರಣ ನಾವು ತಂಬೂರಿಯ ಶ್ರುತಿಯ ಮುದ್ರಣವೊಂದನ್ನು ಗಟ್ಟಿಯಾಗಿ ಹಾಕಿ, ಬಹುಮಟ್ಟಿಗೆ ಸ್ಥಿರವಾದ ಪ್ರವಾಹವನ್ನು ಪಡೆದೆವು. ತಂತಿಯನ್ನು ಕತ್ತರಿಸದೆ, ಅದನ್ನು ತಬ್ಬಿ ಹಿಡಿದು ಕಾಂತಕ್ಷೇತ್ರದ ಮೂಲಕ ಪ್ರವಾಹವನ್ನು ಅಳೆಯುವ ಕ್ಲಾಂಪ್ ಮೀಟರು ಇಲ್ಲಿ ನೆರವಾಯಿತು. ದೀಪಗಳಿಗೆ ಸುಮಾರು 10 ಆಂಪಿಯರ್, ವರ್ಧಕಕ್ಕೆ ಸುಮಾರು 20 ಆಂಪಿಯರ್ ಹರಿಯುತ್ತಿದ್ದುವು.

ಬ್ಯಾಟರಿಯೇ ದುರ್ಬಲವಾಗಿದ್ದರೆ ಅದರ ಧ್ರುವಗಳ ನಡುವಣ ವಿಭವಾಂತರವೇ ಕುಸಿಯಬೇಕು. ಅಳೆದು ನೋಡಿದೆವು: ಎಂಜಿನ್ನು ಓಡುತ್ತಿರುವಾಗ ಸಂಗೀತವಿದ್ದರೂ ಇಲ್ಲದಿದ್ದರೂ 14.1 ವೋಲ್ಟಿನ ಆಸುಪಾಸು. ಹಾಗಾದರೆ ವಿಭವಾಂತರ ದಾರಿಯಲ್ಲೆಲ್ಲೋ ನಷ್ಟವಾಗುತ್ತಿರಬೇಕು. ಹೀಗೆ ನಷ್ಟವಾಗುವ ಸ್ಥಳವನ್ನು ಹುಡುಕುವ ವಿಧಾನ ಬಹಳ ಸರಳ. ಒಂದೇ ಲೋಹದ ಹಾದಿಯ ಎರಡು ತುದಿಗಳಿಗೆ ವೋಲ್ಟ್‌ಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸಬೇಕು. ಹಾದಿ ಒಳ್ಳೆಯದಾಗಿದ್ದರೆ ಮೀಟರು ಸೊನ್ನೆಯ ಸಮೀಪದಲ್ಲಿರುವುದು. ಅಂಕಿ ಏರಿದರೆ ಅಲ್ಲಿ ರೋಧವಿದೆಯೆಂದು ಅರ್ಥ.

ಬ್ಯಾಟರಿಯ ಋಣಧ್ರುವಕ್ಕೆ ಒಂದು ಕಡ್ಡಿ, ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಇನ್ನೊಂದು. ದೀಪ ಮಾತ್ರ ಉರಿಯುವಾಗ 0.6 ವೋಲ್ಟ್, ಸಂಗೀತವೂ ಸೇರಿದಾಗ 1.8 ವೋಲ್ಟ್! ಋಣಧ್ರುವವನ್ನು ಬಾಡಿಗೆ ಸೇರಿಸುವ ಅರ್ತಿಂಗ್ ಪಟ್ಟಿಯ ಬೋಲ್ಟಿನ ಅಡಿಯಲ್ಲಿ ತುಕ್ಕು ಕವಿದಿತ್ತು. 0.6ನ್ನು 10ರಿಂದ ಭಾಗಿಸಿದರೂ 1.8ನ್ನು 30ರಿಂದ ಭಾಗಿಸಿದರೂ ದೊರೆಯುವ ರೋಧ 0.06 ಓಂ. ದೀಪದ ಪ್ರವಾಹವೂ ವರ್ಧಕದ ಪ್ರವಾಹವೂ ಮನೆಗೆ ಮರಳಬೇಕಾದರೆ ಈ ಒಂದೇ ಇಕ್ಕಟ್ಟಾದ ಸೇತುವೆಯನ್ನು ದಾಟಬೇಕು. ವರ್ಧಕ ನುಗ್ಗಿದಾಗಲೆಲ್ಲ ದೀಪದ ಪಾಲಿನ ವೋಲ್ಟುಗಳು 13.5ರಿಂದ 12.3ಕ್ಕೆ ಇಳಿಯುತ್ತಿದ್ದವು. ತಂತುದೀಪದ ಬೆಳಕು ವಿಭವಾಂತರದ ಸುಮಾರು 3.4ನೆಯ ಘಾತದಂತೆ ಬದಲಾಗುವುದರಿಂದ, ಶೇಕಡ 9ರಷ್ಟು ವೋಲ್ಟು ತಗ್ಗಿದರೆ ಬೆಳಕು ಕಾಲುಭಾಗಕ್ಕಿಂತ ಹೆಚ್ಚಾಗಿಯೇ ತಗ್ಗುವುದು. ರಾತ್ರಿಯ ಪ್ರಯಾಣದಲ್ಲಿ ಇದು ಅಲ್ಪವೇ?

ಶಾಖದ ಲೆಕ್ಕವನ್ನೂ ನೋಡಿರಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖದ ದರ. ದೀಪ ಮಾತ್ರ ಇದ್ದಾಗ ಬೋಲ್ಟಿನಲ್ಲಿ 6 ವಾಟ್. ಸಂಗೀತ ಸೇರಿದಾಗ 54 ವಾಟ್. ಪ್ರವಾಹ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು! ಎರಡು ಬೆಸುಗೆ ಕಡ್ಡಿಗಳ ಕಾವು ಒಂದು ಬೋಲ್ಟಿನ ಅಡಿಯಲ್ಲಿ. ತುಕ್ಕು ವರ್ಧಕದಿಂದ ಬಂದುದಲ್ಲ. ವರ್ಷಗಳಿಂದ ಅಲ್ಲಿಯೇ ಇದ್ದಿತು. ವರ್ಧಕ ಅದನ್ನು ಬಯಲಿಗೆಳೆಯಿತು, ಅಷ್ಟೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೀಟರಿನ ಓಂ ಸ್ಥಾನದಿಂದ ಈ ಬೋಲ್ಟನ್ನು ಪರೀಕ್ಷಿಸಿದ್ದರೆ ದೋಷ ಸಿಕ್ಕುತ್ತಿರಲಿಲ್ಲ. ಮೀಟರಿನ ಕಡ್ಡಿಗಳಿಗೇ 0.1 ಅಥವಾ 0.2 ಓಂ ರೋಧವಿರುವಾಗ, 0.06 ಓಂ ಅದರಲ್ಲಿ ಮುಳುಗಿಹೋಗುವುದು. ಭಾರ ಹೊತ್ತಾಗಲೇ ಸೇತುವೆಯ ಬಲಾಬಲ ತಿಳಿಯುವಂತೆ, ಪ್ರವಾಹ ಹರಿಯುವಾಗಲೇ ಸಂಪರ್ಕದ ಯೋಗ್ಯತೆ ತಿಳಿಯುವುದು. ಬೋಲ್ಟನ್ನು ಬಿಚ್ಚಿ, ಉಜ್ಜುಕಾಗದದಿಂದ ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದೆವು. 1.8 ವೋಲ್ಟ್ ಇದ್ದುದು 0.06ಕ್ಕೆ ಇಳಿಯಿತು. ದೀಪ ಕುಣಿಯುವುದನ್ನು ನಿಲ್ಲಿಸಿತು.

ಮೂರನೆಯ ದೂರು: ಎಂಜಿನ್ನಿನೊಡನೆ ಏರುವ ಕೀರಲು

ಆದರೆ ಕೀರಲು ಧ್ವನಿ ಮೊದಲಿನಂತೆಯೇ ಇದ್ದಿತು. ಇದರ ಮೂಲವನ್ನು ಅದರ ಸ್ವಭಾವವೇ ತಿಳಿಸುವುದು. ಹಿಂದೆ ಕಾರುಗಳಲ್ಲಿ ಡೈನಮೋ ಇರುತ್ತಿತ್ತು. 1960ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಕ್ರೈಸ್ಲರ್ ಸಂಸ್ಥೆ ಆಲ್ಟರ್ನೇಟರನ್ನು ಅಳವಡಿಸಿದ ತರುವಾಯ ಅದು ಕ್ರಮೇಣ ಎಲ್ಲೆಡೆ ನೆಲೆಗೊಂಡಿತು. ಆಲ್ಟರ್ನೇಟರು ಹುಟ್ಟಿಸುವುದು ಮೂರು ಹಂತಗಳ ಪರ್ಯಾಯ ಪ್ರವಾಹ. ಆರು ಡಯೋಡುಗಳು ಅದನ್ನು ಏಕಮುಖವಾಗಿ ತಿರುಗಿಸುವುವು. ಹೀಗೆ ದೊರೆತ ಪ್ರವಾಹ ಸಮತಟ್ಟಾಗಿರದೆ, ಒಂದು ಆವರ್ತಕ್ಕೆ ಆರರಂತೆ ಸಣ್ಣ ಅಲೆಗಳನ್ನು ಹೊತ್ತಿರುವುದು. 12 ಕಾಂತಧ್ರುವಗಳುಳ್ಳ ಆಲ್ಟರ್ನೇಟರು ಒಂದು ಸುತ್ತು ತಿರುಗಿದರೆ 6 ಆವರ್ತಗಳು, ಅಂದರೆ 36 ಅಲೆಗಳು. ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುವಾಗ, ಬೆಲ್ಟಿನ ಮೂಲಕ ಎರಡೂವರೆ ಪಟ್ಟು ವೇಗ ಪಡೆದ ಆಲ್ಟರ್ನೇಟರು 2000 ಸುತ್ತು ತಿರುಗುವುದು. ಆಗ ಸೆಕೆಂಡಿಗೆ 1200 ಅಲೆಗಳು. ಎಂಜಿನ್ನಿನ ವೇಗ ಮೂರು ಪಟ್ಟಾದರೆ 3600. ನಮ್ಮ ಕಿವಿ ಬಹು ಸೂಕ್ಷ್ಮವಾಗಿ ಗ್ರಹಿಸುವ ಶ್ರೇಣಿ ಇದೇ.

ಈ ಅಲೆ ಸಂಗೀತದೊಳಕ್ಕೆ ಎಲ್ಲಿ ನುಸುಳಿತು? ಸ್ಟೀರಿಯೋವಿನ ಧ್ವನಿಯ ಗುಂಡಿಯನ್ನು ಪೂರ್ಣ ತಗ್ಗಿಸಿದರೂ ಕೀರಲು ತಗ್ಗಲಿಲ್ಲ. ಅಂದಮೇಲೆ ಅದು ಗುಂಡಿಯನ್ನು ದಾಟಿದ ಮೇಲೆ ಸೇರಿರಬೇಕು. ವರ್ಧಕಕ್ಕೆ ಬರುವ ಸಂಕೇತದ ಕೇಬಲನ್ನು ಕಳಚಿದೊಡನೆ ಸಂಪೂರ್ಣ ನಿಶ್ಶಬ್ದ. ಅಂದಮೇಲೆ ಅದು ವರ್ಧಕದ ಒಳಗೆ ಹುಟ್ಟಿದುದಲ್ಲ. ಉಳಿದುದು ನಡುವಣ ಹಾದಿ.

ಸ್ಟೀರಿಯೋ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಬಾಡಿಗೆ ಸೇರಿದೆ. ವರ್ಧಕ ಹಿಂದಿನ ಡಿಕ್ಕಿಯಲ್ಲಿ ಬಾಡಿಗೆ ಸೇರಿದೆ. ಇವೆರಡನ್ನೂ ಸಂಕೇತದ ಕೇಬಲಿನ ಹೊರಜಾಲರಿ ಮತ್ತೊಮ್ಮೆ ಜೋಡಿಸುವುದು. ಹೀಗೆ ಒಂದು ಮುಚ್ಚಿದ ಕುಣಿಕೆ ಏರ್ಪಟ್ಟಿತು. ಎರಡು ಅರ್ತಿಂಗ್ ಸ್ಥಳಗಳ ವಿಭವ ಒಂದೇ ಆಗಿದ್ದರೆ ಬಾಧಕವಿಲ್ಲ. ನಾವು ಸ್ಟೀರಿಯೋವಿನ ಲೋಹದ ಕವಚಕ್ಕೂ ವರ್ಧಕದ ಋಣತುದಿಗೂ ನಡುವೆ ಅಳೆದಾಗ ಅರ್ಧ ವೋಲ್ಟ್ ಕಂಡಿತು. ಮೀಟರನ್ನು ಪರ್ಯಾಯ ವೋಲ್ಟಿನ ಸ್ಥಾನಕ್ಕೆ ತಿರುಗಿಸಿದರೆ 0.04 ವೋಲ್ಟ್. ಸಂಕೇತವೇ ಒಂದು ವೋಲ್ಟಿನಷ್ಟಿರುವಾಗ, ಅದರ ಇಪ್ಪತ್ತೈದರಲ್ಲೊಂದು ಪಾಲಿನ ಅಲೆ ಅದರೊಡನೆ ಸೇರಿ ವರ್ಧನೆಗೊಂಡರೆ ಕೇಳಿಸದಿರುವುದೆ? ಡಿಕ್ಕಿಯಲ್ಲಿ ವರ್ಧಕದ ಅರ್ತಿಂಗ್ ತಿರುಪನ್ನು ಬಣ್ಣದ ಮೇಲೆಯೇ ಬಿಗಿದಿದ್ದರು! ಬ್ಯಾಟರಿಯ ಬಳಿಯ ಬೋಲ್ಟನ್ನು ಸರಿಪಡಿಸಿದರೂ ಕೀರಲು ನಿಲ್ಲದಿದ್ದುದರ ಕಾರಣ ಈಗ ಸ್ಪಷ್ಟ: ಆ ಬೋಲ್ಟು ಈ ಕುಣಿಕೆಯ ಹೊರಗಿದೆ. ಬಣ್ಣವನ್ನು ಕೆರೆದು, ಲೋಹಕ್ಕೆ ಲೋಹ ತಾಗುವಂತೆ ಬಿಗಿದೆವು. ಕೀರಲು ಅಡಗಿತು.

ಸಂಕೇತದ ಕೇಬಲನ್ನು ವಿದ್ಯುತ್ ತಂತಿಯೊಡನೆ ಒಂದೇ ಕಟ್ಟಿನಲ್ಲಿ ಕಟ್ಟಿದ್ದುದನ್ನೂ ಬಿಡಿಸಿ, ಕಾರಿನ ಎರಡು ಪಕ್ಕಗಳಲ್ಲಿ ಬೇರೆ ಬೇರೆಯಾಗಿ ಹಾಯಿಸಿದೆವು. ಬದಲಾಗುವ ಪ್ರವಾಹ ನೆರೆಯ ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುವುದೆಂದು ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟಿರುವನಷ್ಟೆ.

ಯಾರೂ ಹೇಳದ ದೂರು

ಹೀಗೆ ತಂತಿಯನ್ನು ಬಿಡಿಸುತ್ತ ಮುಂದೆ ಬಂದಾಗ ನಮ್ಮೆದೆ ಝಲ್ಲೆಂದಿತು. ಎಂಜಿನ್ನಿಗೂ ಪ್ರಯಾಣಿಕರ ಕೋಣೆಗೂ ನಡುವಣ ತಗಡಿನ ಗೋಡೆಯ ರಂಧ್ರದಲ್ಲಿ, ರಬ್ಬರಿನ ಬಳೆಯಿಲ್ಲದೆ ತೂರಿಸಿದ್ದ ವರ್ಧಕದ ತಂತಿಯ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಅರ್ಧ ಸವೆದಿತ್ತು. ಆ ತಂತಿಗೆ ಬ್ಯಾಟರಿಯ ಬಳಿ ಫ್ಯೂಸೇ ಇರಲಿಲ್ಲ. ಇದ್ದ ಒಂದೇ ಫ್ಯೂಸು ಹಿಂದೆ, ವರ್ಧಕದಲ್ಲಿ. ಫ್ಯೂಸು ತನ್ನ ಮುಂದಿನ ಹಾದಿಯನ್ನು ಕಾಯುವುದೇ ಹೊರತು ಹಿಂದಿನದನ್ನಲ್ಲ. ಊರ ಹೊರಗೆ ಒಡೆದ ಕಾಲುವೆಯನ್ನು ಊರೊಳಗಿನ ತೂಬು ತಡೆಯಬಲ್ಲುದೆ?

ಹೊದಿಕೆ ಪೂರ್ಣ ಸವೆದು ತಾಮ್ರ ತಗಡಿಗೆ ತಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಲೆಕ್ಕ ಹಾಕೋಣ. 1 ಮೀಟರ್ ಉದ್ದದ, 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ ಸುಮಾರು 0.017 ಓಂ. ಇಲ್ಲಿದ್ದುದು 4 ಚದರ ಮಿಲಿಮೀಟರಿನ ತಂತಿ; ಗೋಡೆಯವರೆಗೆ ಅದರ ಉದ್ದ ಒಂದೂವರೆ ಮೀಟರ್; ರೋಧ 0.0064 ಓಂ. ಬ್ಯಾಟರಿಯ ಆಂತರಿಕ ರೋಧವನ್ನೂ ಸಂಪರ್ಕಗಳನ್ನೂ ಸೇರಿಸಿ ಒಟ್ಟು 0.025 ಓಂ ಎಂದಿಟ್ಟುಕೊಂಡರೂ ಪ್ರವಾಹ 500 ಆಂಪಿಯರ್. ಆ ತುಂಡು ತಂತಿಯಲ್ಲಿ ಹುಟ್ಟುವ ಶಾಖ 1600 ವಾಟ್. ಇಸ್ತ್ರಿಪೆಟ್ಟಿಗೆಯೊಂದರ ಕಾವಿಗಿಂತ ಹೆಚ್ಚಿನ ಕಾವು ಬೆರಳಿಗಿಂತ ತೆಳುವಾದ ತಂತಿಯಲ್ಲಿ! ಹೊದಿಕೆ ಹೊತ್ತಿ ಉರಿಯಲು ಎಷ್ಟು ಹೊತ್ತು ಬೇಕು? ಕಾರು ನಿಲ್ಲುತ್ತಿದ್ದ ಶೆಡ್ಡಾದರೋ, ಮಿತ್ರರ ತಂದೆತಾಯಿಗಳು ಮಲಗುವ ಕೋಣೆಗೆ ಅಂಟಿಕೊಂಡಿತ್ತು. ಸಂಗೀತ ನಿಲ್ಲಿಸಿದ್ದರೂ, ಕೀಲಿ ತೆಗೆದಿದ್ದರೂ, ಆ ತಂತಿಯಲ್ಲಿ ಹಗಲಿರುಳೂ ಬ್ಯಾಟರಿಯ ಪೂರ್ಣ ವಿಭವ ಇದ್ದೇ ಇರುವುದೆಂಬುದನ್ನು ಮರೆಯಲಾಗದು.

ತಂತಿಯನ್ನು ಬದಲಿಸಿ 16 ಚದರ ಮಿಲಿಮೀಟರಿನದನ್ನು ಹಾಕಿಸಿದೆವು. ಅಡ್ಡಕೊಯ್ತ ನಾಲ್ಕು ಪಟ್ಟಾದುದರಿಂದ ರೋಧ ಕಾಲುಭಾಗಕ್ಕೆ ಇಳಿಯಿತು. ರಂಧ್ರಕ್ಕೆ ರಬ್ಬರಿನ ಬಳೆ ಕೂಡಿಸಿ, ಬ್ಯಾಟರಿಯಿಂದ ಒಂದು ಮೊಳದೊಳಗೆ 40 ಆಂಪಿಯರಿನ ಫ್ಯೂಸನ್ನು ಸೇರಿಸಿದೆವು. ಈ ಫ್ಯೂಸು ತಂತಿಯ ರಕ್ಷಣೆಗಾಗಿ ಇರುವುದು. ತಂತಿ ತಾಳಬಲ್ಲ ಪ್ರವಾಹವನ್ನು ಅದರ ಅಂಕಿ ಎಂದಿಗೂ ಮೀರಕೂಡದು. ಸುಟ್ಟ ಫ್ಯೂಸಿನ ಸ್ಥಳದಲ್ಲಿ ತಂತಿಯ ಚೂರನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ತುರುಕುವವರು ಬೆಂಕಿಗೆ ಬಾಗಿಲು ತೆರೆದವರೇ ಸರಿ.

ಕಲಿಯತಕ್ಕುದೇನು?

ಮಿತ್ರರ ವರ್ಧಕದ ಪೆಟ್ಟಿಗೆಯ ಮೇಲೆ ‘1000 ವಾಟ್’ ಎಂದು ಅಚ್ಚಾಗಿತ್ತು. ಅದರ ಸ್ವಂತ ಫ್ಯೂಸು 30 ಆಂಪಿಯರಿನದು. 14 ವೋಲ್ಟಿನಿಂದ ಗುಣಿಸಿದರೆ ಅದು ಬಹುಕಾಲ ಪಡೆಯಬಲ್ಲ ಶಕ್ತಿ 420 ವಾಟ್ ಮಾತ್ರ. ಪಡೆದುದಕ್ಕಿಂತ ಹೆಚ್ಚನ್ನು ಕೊಡುವ ಯಂತ್ರ ಲೋಕದಲ್ಲಿಲ್ಲ. ಜಾಹೀರಾತನ್ನು ಓದುವಾಗಲೂ ಭೌತಶಾಸ್ತ್ರ ಉಪಯೋಗಕ್ಕೆ ಬರುವುದೆಂಬುದಕ್ಕೆ ಇದೊಂದು ನಿದರ್ಶನ.

ಇಡೀ ಪರಿಶೀಲನೆಯಲ್ಲಿ ನಾವು ಅನುಸರಿಸಿದ ನಿಯಮಗಳು ಮೂರು. ಬದಲಿಸುವ ಮೊದಲು ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಮಾರ್ಪಡಿಸಿ, ಪರಿಣಾಮವನ್ನು ನೋಡಬೇಕು. ಒಂದು ದೋಷ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು. ಮೂರು ದೂರುಗಳಿಗೆ ಮೂರು ಬೇರೆ ಕಾರಣಗಳಿದ್ದುವು; ಎಲ್ಲಕ್ಕಿಂತ ಅಪಾಯಕರವಾದ ನಾಲ್ಕನೆಯದು ಯಾವ ದೂರನ್ನೂ ಹೇಳದೆ ಸುಮ್ಮನಿದ್ದಿತು. ಮುಂದಿನ ಸೋಮವಾರ ಮಿತ್ರರ ತಂದೆಯವರು ಅದೇ ಹಳೆಯ ಬ್ಯಾಟರಿಯ ಕಾರಿನಲ್ಲಿ ಸಕಾಲಕ್ಕೆ ಆಸ್ಪತ್ರೆ ತಲಪಿದರು.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆಗಳು. ಒಂದು: 0.03 ಆಂಪಿಯರಿನ ಸೋರಿಕೆಯುಳ್ಳ ಈ ಕಾರನ್ನು ಚಾಲೂ ಮಾಡದೆ ನಿಲ್ಲಿಸಿದರೆ, 35 ಆಂಪಿಯರ್–ಗಂಟೆಯ ಬ್ಯಾಟರಿ ಅರ್ಧ ಬರಿದಾಗಲು ಎಷ್ಟು ದಿನ ಬೇಕು? ಎರಡು: ನಿಮ್ಮ ಮನೆಯ ಸ್ಕೂಟರಿನ ಬ್ಯಾಟರಿ 5 ಆಂಪಿಯರ್–ಗಂಟೆಯದಾಗಿದ್ದು, ಅಂದಕ್ಕಾಗಿ ಜೋಡಿಸಿದ ಸಣ್ಣ ದೀಪವೊಂದು 0.2 ಆಂಪಿಯರನ್ನು ಸದಾ ಎಳೆಯುತ್ತಿದ್ದರೆ, ಶನಿವಾರ ಸಂಜೆ ಆರಕ್ಕೆ ನಿಲ್ಲಿಸಿದ ಸ್ಕೂಟರು ಸೋಮವಾರ ಬೆಳಿಗ್ಗೆ ನಿಮ್ಮನ್ನು ಕಾಲೇಜಿಗೆ ತಲಪಿಸುವುದೆ? ಉತ್ತರ ಬಂದ ಮೇಲೆ ಕೆಳಗಿಳಿದು ಹೋಗಿ ಒಮ್ಮೆ ತಂತಿಗಳನ್ನು ನೋಡಿ ಬನ್ನಿರಿ.